ಬೆಡ್ ಪಕ್ಕದ ಸ್ಕ್ಯಾನ್: ಎರಡು ನಿಮಿಷದಲ್ಲಿ ಹೃದಯದ ಬಗ್ಗೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ?

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡೋ ವೈದ್ಯೆ. ಇವತ್ತು ಒಂದು ಯಂತ್ರದ ಬಗ್ಗೆ ಮಾತಾಡ್ತೀನಿ. ಅದಕ್ಕೂ ಮುಂಚೆ ಒಂದು ರಾತ್ರಿಯ ಕಥೆ ಹೇಳಿಬಿಡ್ತೀನಿ.

ಆಗಿನ್ನೂ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ಮಳೆಗಾಲ, ಡೆಂಗಿ ಜೋರಾಗಿದ್ದ ವರ್ಷ. ಮಂಚ ಸಾಲದೆ ಕಾರಿಡಾರ್‌ನಲ್ಲೂ ಹಾಸಿಗೆ ಹಾಕಿದ್ವಿ. ರಾತ್ರಿ ಹನ್ನೊಂದರ ಹೊತ್ತಿಗೆ 21 ವರ್ಷದ ಒಬ್ಬ ಕಾಲೇಜು ಹುಡುಗನನ್ನ ಕರ್ಕೊಂಡು ಬಂದ್ರು. ಐದು ದಿನದ ಜ್ವರ, ಅವತ್ತು ಬೆಳಗ್ಗೆಯಷ್ಟೇ ಬಿಟ್ಟಿತ್ತು. ಕೈಕಾಲು ತಣ್ಣಗಿದೆ, ನಾಡಿ ಓಡ್ತಿದೆ, ಬಿಪಿ 80/60.

ಡೆಂಗಿ ಶಾಕ್. ಪುಸ್ತಕದಲ್ಲಿ ಬರೆದಿದ್ದ ಹಾಗೇ ಇತ್ತು. ಜ್ವರ ಇಳಿಯೋ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತೆ, ಒಳಗೆ ಹರಿಯೋ ರಕ್ತದ ಪ್ರಮಾಣ ಕಮ್ಮಿಯಾಗುತ್ತೆ, ಬಿಪಿ ಬೀಳುತ್ತೆ. ಅದಕ್ಕೆ ಮದ್ದು ಡ್ರಿಪ್. ಹಾಕಿದ್ವಿ. ಒಂದು ಬಾಟಲಿ ಆಯ್ತು, ಎರಡಾಯ್ತು. ಬಿಪಿ ಸ್ವಲ್ಪ ಏರಿದ ಹಾಗೆ ಮಾಡಿ ಮತ್ತೆ ಕೆಳಗಿಳೀತು. ಮೂರನೇದು ಅರ್ಧ ಆಗಿರಬೇಕು, ಹುಡುಗ ಎದ್ದು ಕೂತು ಕೆಮ್ಮೋಕೆ ಶುರು ಮಾಡಿದ. ಮಲಗೋಕೆ ಆಗ್ತಿಲ್ಲ ಅಂದ. ಸ್ಟೆತಾಸ್ಕೋಪ್ ಇಟ್ಟರೆ ಎರಡೂ ಕಡೆ ಶ್ವಾಸಕೋಶದಲ್ಲಿ ಗುಳುಗುಳು ಸದ್ದು.

ಈಗ ಏನು ಮಾಡೋದು? ಬಿಪಿ ನೋಡಿದ್ರೆ ಇನ್ನೂ ನೀರು ಕೊಡಬೇಕು. ಶ್ವಾಸಕೋಶ ನೋಡಿದ್ರೆ ಒಂದು ಹನಿಯೂ ಕೊಡಬಾರದು. ಎಕೋ ರೂಮ್ ನಮ್ಮ ವಾರ್ಡಿನಿಂದ ಅರವತ್ತು ಹೆಜ್ಜೆ ದೂರದಲ್ಲಿತ್ತು. ಬಾಗಿಲಿಗೆ ಬೀಗ. ಎಕೋ ಮಾಡೋರು ಬರೋದು ಬೆಳಗ್ಗೆ ಒಂಬತ್ತಕ್ಕೆ.

ಬೆಳಗ್ಗೆ ನೋಡಿದಾಗ ಗೊತ್ತಾಯ್ತು. ಆ ಹುಡುಗನ ಹೃದಯದ ಸ್ನಾಯುವಿಗೇ ಉರಿಯೂತ ಆಗಿತ್ತು. ಡೆಂಗಿಯಲ್ಲಿ ಅಪರೂಪಕ್ಕೆ ಹಾಗೂ ಆಗುತ್ತೆ. ಹೃದಯ ಹಿಂಡಬೇಕಾದಷ್ಟು ಹಿಂಡ್ತಾನೇ ಇರಲಿಲ್ಲ. ನಾವು ಬಾವಿ ಬತ್ತಿದೆ ಅಂದ್ಕೊಂಡು ರಾತ್ರಿಯೆಲ್ಲ ನೀರು ಸುರೀತಿದ್ವಿ, ಕೆಟ್ಟಿದ್ದು ಪಂಪ್‌ಸೆಟ್ಟು. ಹನ್ನೊಂದು ದಿನ ಐಸಿಯುನಲ್ಲಿದ್ದು ಹುಡುಗ ಉಳ್ಕೊಂಡ. ಅವರಮ್ಮ ಹೋಗುವಾಗ ನನ್ನ ಕೈ ಹಿಡಿದು "ನಿಮ್ಮಿಂದ ಉಳೀತು ಮೇಡಂ" ಅಂದ್ರು. ನಾನು ಏನೂ ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ.

ಆ ರಾತ್ರಿ ನನಗೆ ಬೇಕಾಗಿದ್ದು ದೊಡ್ಡ ರಿಪೋರ್ಟ್ ಅಲ್ಲ. ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಹೃದಯ ಚೆನ್ನಾಗಿ ಹಿಂಡ್ತಿದೆಯೋ ಇಲ್ಲವೋ? ಈಗ ಅದೇ ಪ್ರಶ್ನೆಗೆ ನಾನು ರೋಗಿಯ ಮಂಚದ ಪಕ್ಕ ನಿಂತು ಎರಡು ನಿಮಿಷದಲ್ಲಿ ಉತ್ತರ ಕಂಡ್ಕೋತೀನಿ. ಇದಕ್ಕೆ ಪಾಯಿಂಟ್ ಆಫ್ ಕೇರ್ ಅಲ್ಟ್ರಾಸೌಂಡ್ ಅಂತಾರೆ. ನಾವು ಡಾಕ್ಟರ್‌ಗಳು ಚಿಕ್ಕದಾಗಿ ಪೋಕಸ್ ಅಂತೀವಿ. ನಾನಂತೂ ರೋಗಿಗಳ ಮನೆಯವರಿಗೆ "ಬೆಡ್ ಪಕ್ಕದ ಸ್ಕ್ಯಾನ್" ಅಂತಲೇ ಹೇಳೋದು.

ಇದು ಕೆಲಸ ಮಾಡೋದು ಹೇಗೆ? ಚಿಕ್ಕವರಿದ್ದಾಗ ಬಾವಿಯೊಳಗೆ ಬಗ್ಗಿ "ಓ..." ಅಂತ ಕೂಗಿರ್ತೀರ. ಸದ್ದು ಕೆಳಗೆ ಹೋಗಿ ನೀರಿಗೆ ತಾಗಿ ವಾಪಸ್ ಬರುತ್ತೆ. ಬಾವಿ ಆಳ ಇದ್ದಷ್ಟೂ ತಡವಾಗಿ ಬರುತ್ತೆ. ಅಲ್ಟ್ರಾಸೌಂಡ್ ಅಂದ್ರೆ ಅಷ್ಟೇ. ನಮ್ಮ ಕಿವಿಗೆ ಕೇಳೋದು ಹೆಚ್ಚೆಂದ್ರೆ ಸೆಕೆಂಡಿಗೆ 20 ಸಾವಿರ ಕಂಪನದ ಸದ್ದು. ಹೃದಯ ನೋಡೋ ಪ್ರೋಬ್ ಕಳಿಸೋದು ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ ಕಂಪನದ ಸದ್ದು. ದೇಹದೊಳಗೆ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗುತ್ತೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ವಾಪಸ್ ಬರೋಕೆ ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು ಸಾಕು. ಯಾವ ಸದ್ದು ಎಷ್ಟು ಹೊತ್ತಿಗೆ ಮರಳಿತು ಅಂತ ಯಂತ್ರ ಲೆಕ್ಕ ಹಾಕಿ, ಪರದೆ ಮೇಲೆ ಬೂದು ಬಣ್ಣದ ಚಿತ್ರ ಬಿಡಿಸುತ್ತೆ. ರಕ್ತ ಕಪ್ಪಗೆ ಕಾಣುತ್ತೆ, ಸ್ನಾಯು ಬೂದು, ಕವಾಟಗಳು ಬೆಳ್ಳಗೆ. ಎಕ್ಸ್‌ರೇ ತರ ಇಲ್ಲಿ ವಿಕಿರಣದ ತಂಟೆ ಇಲ್ಲ.

ಹೃದಯವನ್ನ ಹೀಗೆ ಮೊದಲು ನೋಡಿದ್ದು ಸ್ವೀಡನ್ನಿನ ಲುಂಡ್ ಊರಲ್ಲಿ, 1953ರ ಅಕ್ಟೋಬರ್ 29ರಂದು. ಇಂಗೆ ಎಡ್ಲರ್ ಅನ್ನೋ ವೈದ್ಯರು, ಹೆಲ್ಮುತ್ ಹರ್ಟ್ಸ್ ಅನ್ನೋ ಭೌತವಿಜ್ಞಾನಿ. ಅವರು ಬಳಸಿದ ಯಂತ್ರ ಆಸ್ಪತ್ರೆಗೆ ಅಂತ ಮಾಡಿದ್ದೇ ಅಲ್ಲ; ಲೋಹದೊಳಗೆ ಬಿರುಕು ಇದೆಯಾ ಅಂತ ನೋಡೋಕೆ ಕೈಗಾರಿಕೆಯಲ್ಲಿ ಬಳಸ್ತಿದ್ದಿದ್ದು, ಎರವಲು ತಂದಿದ್ದು. ಇನ್ನೊಂದು ತಮಾಷೆ. ಕಂಪನ ಅಳೆಯೋ 'ಹರ್ಟ್ಸ್' ಅನ್ನೋ ಮಾನ ಇದೆಯಲ್ಲ, ಅದು ಹೈನ್ರಿಷ್ ಹರ್ಟ್ಸ್ ಹೆಸರಿನಿಂದ ಬಂದಿದ್ದು. ಆತ ಈ ಹೆಲ್ಮುತ್‌ಗೆ ಅಪ್ಪನ ಕಡೆಯಿಂದ ದೊಡ್ಡಜ್ಜ ಆಗ್ಬೇಕು. ಮನೆತನದ ಕಸುಬು ಅನ್ನೋದು ಎಲ್ಲೆಲ್ಲೋ ಇರುತ್ತೆ ನೋಡಿ.

ಅಲ್ಲಿಂದ ಇಲ್ಲಿಗೆ ಯಂತ್ರ ಕುಗ್ತಾ ಬಂತು. ಬೀರುವಿನಷ್ಟಿದ್ದದ್ದು ತಳ್ಳುಗಾಡಿ ಆಯ್ತು, ಆಮೇಲೆ ಲ್ಯಾಪ್‌ಟಾಪ್ ಆಯ್ತು. ಈಗ ಇಲೆಕ್ಟ್ರಿಕ್ ಶೇವರ್‌ನಷ್ಟು ದೊಡ್ಡ ಪ್ರೋಬ್ ಒಂದನ್ನ ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿದ್ರೆ ಹೃದಯ ಫೋನ್ ಪರದೆ ಮೇಲೆ ಬಡಿಯುತ್ತೆ. ಮೊದಲೆಲ್ಲ ಪ್ರೋಬಿನಲ್ಲಿ ಹರಳುಗಳೇ ಸದ್ದು ಮಾಡಬೇಕಿತ್ತು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಬಟರ್‌ಫ್ಲೈ ಅನ್ನೋ ಪ್ರೋಬಿನಲ್ಲಿ ಹರಳಿನ ಬದಲು ಸಿಲಿಕಾನ್ ಚಿಪ್ಪೇ ಆ ಕೆಲಸ ಮಾಡುತ್ತೆ.

ಯಂತ್ರ ಸಣ್ಣದಾಯ್ತು ಅಂತ ಕೆಲಸ ಸುಲಭ ಆಗಿಲ್ಲ. ಹೃದಯದ ಸುತ್ತ ಸದ್ದಿಗೆ ಇಬ್ಬರು ಶತ್ರುಗಳು: ಪಕ್ಕೆಲುಬು, ಗಾಳಿ. ಎಲುಬಿಗೆ ತಾಗಿದ್ರೆ ಹಿಂದೆ ಕಪ್ಪು ನೆರಳು. ಗಾಳಿಗೆ ತಾಗಿದ್ರೆ ಸದ್ದು ಅಲ್ಲೇ ಚದುರಿಹೋಗುತ್ತೆ. ತಣ್ಣಗಿನ ಜೆಲ್ ಹಚ್ತಾರಲ್ಲ, ಅದು ಚರ್ಮಕ್ಕೂ ಪ್ರೋಬಿಗೂ ನಡುವಿನ ಗಾಳಿ ತೆಗೆಯೋಕೆ. ಹೃದಯವನ್ನ ಶ್ವಾಸಕೋಶ ಬೇರೆ ಅರ್ಧ ಮುಚ್ಕೊಂಡಿರುತ್ತೆ. ಅದಕ್ಕೇ ರೋಗಿಯನ್ನ ಎಡಮಗ್ಗುಲಿಗೆ ಹೊರಳಿಸ್ತೀವಿ. ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತೆ, ಶ್ವಾಸಕೋಶ ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ. ಆಮೇಲೆ ಎರಡು ಪಕ್ಕೆಲುಬಿನ ಸಂದಿಯೇ ನಮ್ಮ ಕಿಟಕಿ. ಎದೆಮೂಳೆಯ ಎಡಕ್ಕೆ ಒಂದು ಕಡೆ, ಹೃದಯದ ತುದಿ ಬಡಿಯೋ ಜಾಗದಲ್ಲಿ ಇನ್ನೊಂದು, ಎದೆಗುಂಡಿಯ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಮತ್ತೊಂದು. ವರ್ಷಗಟ್ಟಲೆ ಬೀಡಿ ಸೇದಿದವರ ಶ್ವಾಸಕೋಶ ಉಬ್ಬಿರುತ್ತೆ, ಎದೆ ಮೇಲಿನ ಕಿಟಕಿಗಳೆಲ್ಲ ಮುಚ್ಚಿಹೋಗಿರುತ್ತವೆ. ಅವರಲ್ಲಿ ಈ ಹೊಟ್ಟೆ ಕಡೆಯ ಕಿಟಕಿಯೇ ಗತಿ.

ಇಲ್ಲೊಂದು ಮಾತು, ಪುಸ್ತಕದಲ್ಲಿ ಅಷ್ಟಾಗಿ ಸಿಗಲ್ಲ. ಇದು ಎದೆ ಮೇಲೆ ಮಾಡೋ ಪರೀಕ್ಷೆ. ತುರ್ತು ವಿಭಾಗದಲ್ಲಿ ಪರದೆ ಅರ್ಧ ಹರಿದಿರುತ್ತೆ, ಪಕ್ಕದ ಮಂಚದಲ್ಲಿ ಯಾರೋ ಇಣುಕ್ತಾ ಇರ್ತಾರೆ. ಹೆಣ್ಣುಮಕ್ಕಳು ಮೈಮುದುಡಿಕೊಂಡು ಮಲಗಿರ್ತಾರೆ. ನನ್ನ ಜೂನಿಯರ್‌ಗಳಿಗೆ ನಾನು ಮೊದಲು ಕಲಿಸೋದು ಪ್ರೋಬ್ ಹಿಡಿಯೋದನ್ನಲ್ಲ. ಏನು ಮಾಡ್ತೀವಿ, ಯಾಕೆ ಮಾಡ್ತೀವಿ ಅಂತ ಬಾಯಿಬಿಟ್ಟು ಹೇಳಬೇಕು, ಒಪ್ಪಿಗೆ ಕೇಳಬೇಕು, ಸಿಸ್ಟರ್ ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ಕೋಬೇಕು, ಒಂದು ಟವೆಲ್ ಹೊದಿಸಿ ಬೇಕಾದಷ್ಟೇ ಜಾಗ ಸರಿಸಬೇಕು. ಎರಡು ನಿಮಿಷದ ಸ್ಕ್ಯಾನಿಗೆ ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತೆ. ಹಿಡಿಯಲಿ.

ಸರಿ, ಚಿತ್ರ ಬಂತು. ಏನು ನೋಡ್ತೀವಿ?

ಎರಡು ವರ್ಷದ ಹಿಂದೆ ಒಬ್ಬ ಬಾಣಂತಿ ಬಂದಿದ್ರು. 26 ವರ್ಷ, ಹೆರಿಗೆ ಆಗಿ ಮೂರು ವಾರ, ತವರಲ್ಲಿ ಬಾಣಂತನ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಮೈತುಂಬ ಸ್ವೆಟರ್. ಅವರಮ್ಮ ಹೇಳಿದ್ದು ಹೀಗೆ: "ನಾಲ್ಕು ದಿನದಿಂದ ಕೆಮ್ಮು ಮೇಡಂ. ಶೀತ ಆಗಿದೆ ಅಂದ್ಕೊಂಡ್ವಿ. ರಾತ್ರಿ ಮಲಗೋದೇ ಇಲ್ಲ, ಗೋಡೆಗೆ ಒರಗಿ ಕೂತ್ಕೋತಾಳೆ. ಮಗು ಎತ್ಕೊಂಡು ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಏದುಸಿರು." ಒಂದು ಕಡೆ ತೋರಿಸಿದ್ರಂತೆ. ಉಬ್ಬಸ ಅಂತ ಹೇಳಿ ಹೊಗೆ ಹಿಡಿಸಿ ಕಳಿಸಿದ್ರು. ಇನ್ನೊಬ್ಬರು ರಕ್ತ ಕಮ್ಮಿ ಅಂದ್ರು. ಮನೆಗೆ ಬಂದ ನೆಂಟರು ಬಾಣಂತಿ ನಂಜು ಅಂದ್ರು. ಒಂದೊಂದೂ ನಂಬೋ ಹಾಗೇ ಇತ್ತು. ಬಾಣಂತಿಗೆ ಸುಸ್ತಾಗೋದು ಸಹಜ, ಕಾಲು ಊದೋದು ಸಹಜ, ನಿದ್ದೆ ಇಲ್ಲದಿರೋದಂತೂ ಕೇಳೋದೇ ಬೇಡ. ಅದೇ ಇದರ ಅಪಾಯ.

ಪ್ರೋಬ್ ಇಟ್ಟೆ. ಹೃದಯದಲ್ಲಿ ನಾಲ್ಕು ಕೋಣೆ ಇವೆಯಲ್ಲ, ಅದರಲ್ಲಿ ಎಡಗಡೆಯ ಕೆಳಕೋಣೆ ಇಡೀ ಮೈಗೆ ರಕ್ತ ತಳ್ಳೋದು. ಆರೋಗ್ಯವಾಗಿದ್ರೆ ಒಂದೊಂದು ಬಡಿತಕ್ಕೂ ಒಳಗಿರೋ ರಕ್ತದ ಅರ್ಧಕ್ಕಿಂತ ಹೆಚ್ಚನ್ನ ಹೊರಗೆ ತಳ್ಳುತ್ತೆ. ಸುಮಾರು 55ರಿಂದ 70 ಪರ್ಸೆಂಟ್. ರಿಪೋರ್ಟುಗಳಲ್ಲಿ ಇಎಫ್ ಅಂತ ಬರೆದಿರುತ್ತಲ್ಲ, ಅದು ಇದೇ. ಕೈಮುಷ್ಟಿ ಬಿಗಿದು ಬಿಡೋ ತರ ಇರುತ್ತೆ ನೋಡೋಕೆ. ಇವರದ್ದು ಹಾಗಿರಲಿಲ್ಲ. ಕೋಣೆ ಅಗಲವಾಗಿ ಹಿಗ್ಗಿತ್ತು, ಗೋಡೆಗಳು ಹಾಗೇ ಸಣ್ಣಗೆ ಅಲುಗಾಡ್ತಿದ್ವು. ಕವಾಟ ಪೂರ್ತಿ ತೆರೆದು ಗೋಡೆ ಹತ್ತಿರ ಹೋಗಬೇಕು, ಅದೂ ಅರ್ಧಕ್ಕೇ ನಿಲ್ತಿತ್ತು. ಅಳತೆ ಮಾಡೋದು ಬೇಕಾಗಿರಲಿಲ್ಲ. ಪಕ್ಕದಲ್ಲಿದ್ದ ಇಂಟರ್ನ್ ಹುಡುಗಿ, ಎಕೋ ಕಲಿಯದವಳು, ಅವಳೇ "ಮೇಡಂ, ಇದು ಬಡೀತಾನೇ ಇಲ್ವಲ್ಲ" ಅಂದಳು.

ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಅಂತಾರೆ. ಗರ್ಭದ ಕೊನೇ ತಿಂಗಳಿಂದ ಹಿಡಿದು ಹೆರಿಗೆಯಾದ ಕೆಲವು ತಿಂಗಳವರೆಗೆ, ಮೊದಲು ಹೃದಯದ ತೊಂದರೆಯೇ ಇಲ್ಲದ ಹೆಣ್ಣುಮಕ್ಕಳಲ್ಲೂ ಹೃದಯ ಸೋಲಬಹುದು. ಬೇಗ ಗೊತ್ತಾದ್ರೆ ಔಷಧಿ ಇದೆ, ತುಂಬಾ ಜನರಲ್ಲಿ ಹೃದಯ ಚೇತರಿಸಿಕೊಳ್ಳುತ್ತೆ. ಗೊತ್ತಾಗದೆ "ಸುಸ್ತು" ಅಂತ ಬಿಟ್ಟರೆ ಜೀವ ಹೋಗುತ್ತೆ. ಅವತ್ತು ನಾವು ಡ್ರಿಪ್ ನಿಲ್ಲಿಸಿ, ನೀರಿಳಿಸೋ ಇಂಜೆಕ್ಷನ್ ಕೊಟ್ಟು, ಆಮ್ಲಜನಕದ ಬಿಗಿ ಮಾಸ್ಕ್ ಹಾಕಿ, ದೊಡ್ಡ ಆಸ್ಪತ್ರೆಗೆ ಕಳಿಸಿದ್ವಿ. ಅವರ ವಿಷಯಕ್ಕೆ ಕೊನೇಲಿ ಮತ್ತೆ ಬರ್ತೀನಿ.

ಹಿಂಡ್ತಿದೆಯಾ ಅನ್ನೋದು ಮೊದಲ ಪ್ರಶ್ನೆ ಆಯ್ತು. ಎರಡನೇದು, ಹೃದಯದ ಸುತ್ತ ನೀರು ಇದೆಯಾ? ಹೃದಯ ಒಂದು ತೆಳು ಚೀಲದೊಳಗಿದೆ. ಚೀಲದಲ್ಲಿ ಜಾರಲಿ ಅಂತ ಕೆಲವು ಚಮಚ ನೀರು ಯಾವಾಗ್ಲೂ ಇರುತ್ತೆ. ಕ್ಷಯ, ಕ್ಯಾನ್ಸರ್, ಕಿಡ್ನಿ ಕಾಯಿಲೆ, ಎದೆಗೆ ಬಿದ್ದ ಪೆಟ್ಟು, ಯಾವುದರಿಂದಲಾದರೂ ಅದು ಹೆಚ್ಚಬಹುದು. ನಮ್ಮಲ್ಲಿ ಕ್ಷಯ ಮುಖ್ಯ ಕಾರಣ. ಇಲ್ಲಿ ಎಷ್ಟು ನೀರು ಅನ್ನೋದಕ್ಕಿಂತ ಎಷ್ಟು ಬೇಗ ತುಂಬಿತು ಅನ್ನೋದು ಮುಖ್ಯ. ತಿಂಗಳುಗಟ್ಟಲೆ ನಿಧಾನಕ್ಕೆ ತುಂಬಿದ್ರೆ ಚೀಲ ಹಿಗ್ಗುತ್ತೆ, ಒಂದು ಲೀಟರ್ ಆದರೂ ಮನುಷ್ಯ ನಡ್ಕೊಂಡೇ ಆಸ್ಪತ್ರೆಗೆ ಬರ್ತಾನೆ. ಚೂರಿ ಇರಿತದಲ್ಲಿ ಗಬಕ್ಕನೆ 200 ಎಂಎಲ್ ರಕ್ತ ತುಂಬಿದ್ರೂ ಸಾಕು, ಹೃದಯಕ್ಕೆ ಹಿಗ್ಗೋಕೆ ಜಾಗ ಇಲ್ಲದೆ ರಕ್ತ ತುಂಬಿಕೊಳ್ಳೋಕೇ ಆಗಲ್ಲ. ಆಗ ಡ್ರಿಪ್ಪೂ ಅಲ್ಲ, ನೀರಿಳಿಸೋ ಔಷಧಿಯೂ ಅಲ್ಲ. ಆ ಒತ್ತಡ ಇಳಿಸಬೇಕು. ಕ್ಷಯದಂಥದ್ದರಲ್ಲಿ ಸ್ಕ್ಯಾನ್ ನೋಡ್ಕೊಂಡೇ ಸೂಜಿ ಹಾಕಿ ನೀರು ತೆಗೀತೀವಿ, ಇರಿತದ ಗಾಯಕ್ಕೆ ಆಪರೇಷನ್ನೇ ಬೇಕು. ನಾನು ನೋಡಿದ ಒಬ್ಬ ಗಾರೆ ಕೆಲಸದವರಿಗೆ ನೀರು ತೆಗೀತಿದ್ದ ಹಾಗೇ ಬಿಪಿ ಏರೋದನ್ನ ಮಾನಿಟರ್‌ನಲ್ಲಿ ಕಣ್ಣಾರೆ ಕಂಡಿದ್ದೀನಿ. ಅಷ್ಟು ಬೇಗ ಫಲ ಸಿಗೋ ಕೆಲಸ ನಮ್ಮ ವೃತ್ತಿಯಲ್ಲಿ ಬಹಳ ಇಲ್ಲ.

ಮೂರನೇದು ಬಲಗಡೆ ಕೋಣೆ ಊದಿದೆಯಾ ಅನ್ನೋದು. ಸಾಮಾನ್ಯವಾಗಿ ಬಲದ್ದು ಎಡಕ್ಕಿಂತ ಚಿಕ್ಕದು, ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹೋಗಿ ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತರೆ ಬಲಗಡೆಗೆ ದಾರಿ ಕಟ್ಟಿ ಅದು ಊದ್ಕೊಳ್ಳುತ್ತೆ. ತೊಡೆ ಮೂಳೆ ಮುರಿದು ವಾರಗಟ್ಟಲೆ ಮಲಗಿದವರಿಗೆ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ ಇದೇ ಅನುಮಾನ ಮೊದಲು ಬರೋದು.

ನಾಲ್ಕನೇದು, ಹೊಟ್ಟೆಯಿಂದ ಹೃದಯಕ್ಕೆ ಬರೋ ದೊಡ್ಡ ಅಭಿಧಮನಿ. ಅದು ಬೆರಳಷ್ಟು ದಪ್ಪ ಇರುತ್ತೆ. ಉಸಿರು ಎಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ರೆ ಒಳಗೆ ಒತ್ತಡ ಕಮ್ಮಿ ಇದೆ ಅಂತ; 2.1 ಸೆಂಟಿಮೀಟರ್‌ಗಿಂತ ಅಗಲವಾಗಿದ್ದು ಉಸಿರೆಳೆದರೂ ಅಲುಗಾಡದೆ ನಿಂತಿದ್ರೆ ಹಿಂದೆ ರಕ್ತ ಕಟ್ಟಿಕೊಂಡಿದೆ ಅಂತ. ಇದೊಂದನ್ನೇ ನಂಬಿ ಡ್ರಿಪ್ ಕೊಡೋದು, ನಿಲ್ಲಿಸೋದು ಮಾಡೋರೂ ಇದ್ದಾರೆ. ನನಗೆ ಅದು ಸರಿ ಅನ್ಸಲ್ಲ. ವೆಂಟಿಲೇಟರ್‌ನಲ್ಲಿರೋ ರೋಗಿಯಲ್ಲಿ ಈ ಲೆಕ್ಕವೇ ಬದಲಾಗುತ್ತೆ. ಉಳಿದ ಮೂರರ ಜೊತೆ ಇಟ್ಟು ನೋಡಿದ್ರೆ ಮಾತ್ರ ಇದಕ್ಕೆ ಬೆಲೆ.

ಗಮನಿಸಿ, ಈ ಎಲ್ಲ ರೋಗಿಗಳೂ ಬಾಗಿಲಲ್ಲಿ ಒಂದೇ ತರ ಕಾಣ್ತಾರೆ. ಉಸಿರು ಕಟ್ಟುತ್ತೆ, ಬಿಪಿ ಕಮ್ಮಿ, ಬೆವರು. ಆದರೆ ಒಬ್ಬರಿಗೆ ನೀರು ಕೊಡಬೇಕು, ಒಬ್ಬರಿಗೆ ಇಳಿಸಬೇಕು, ಒಬ್ಬರಿಗೆ ಸೂಜಿ, ಒಬ್ಬರಿಗೆ ಹೆಪ್ಪು ಕರಗಿಸೋ ಔಷಧಿ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷ. ಈ ಕವಲುದಾರಿಯಲ್ಲೇ ಬೆಡ್ ಪಕ್ಕದ ಸ್ಕ್ಯಾನ್ ನಿಜವಾಗಿ ಕೆಲಸಕ್ಕೆ ಬರೋದು.

ಈಗ ನನ್ನ ತಪ್ಪಿನ ಕಥೆ. ಕಲಿತ ಹೊಸದರಲ್ಲಿ ಒಬ್ಬ ಅಜ್ಜನ ಹೃದಯದ ಹಿಂದೆ ಕಪ್ಪು ಪಟ್ಟಿ ಕಂಡೆ. ನೀರು! ರಾತ್ರಿ ಎರಡು ಗಂಟೆಗೆ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ ಎಬ್ಬಿಸಿ ಕರೆಸಿದೆ. ಅವರು ಬಂದು ನೋಡಿ, ನಕ್ಕು, ಪರದೆ ಮೇಲೆ ಹೃದಯದ ಹಿಂದೆ ಕಾಣೋ ಒಂದು ದುಂಡನೆಯ ವೃತ್ತ ತೋರಿಸಿದ್ರು. ಅದು ಕೆಳಗಿಳಿಯೋ ಮಹಾಪಧಮನಿ. "ನೀರು ಇದರ ಮುಂದೆ ಬಂದ್ರೆ ಹೃದಯದ ಚೀಲದ್ದು, ಹಿಂದೆ ಹೋದ್ರೆ ಶ್ವಾಸಕೋಶದ ಪಕ್ಕದ್ದು. ಇದು ಹಿಂದಿದೆ ನೋಡು." ನಾನೇನಾದ್ರೂ ಆ ಧೈರ್ಯದಲ್ಲಿ ಸೂಜಿ ಹಾಕಿದ್ರೆ? ಇವತ್ತಿಗೂ ಆ ವೃತ್ತ ಕಾಣದೆ ನಾನು ನೀರಿನ ಮಾತು ಆಡಲ್ಲ. ಹೃದಯದ ಮುಂದಿರೋ ಕೊಬ್ಬೂ ಹೀಗೇ ಮೋಸ ಮಾಡುತ್ತೆ.

ಬಲಗಡೆ ಊದಿದೆ ಅಂದ ಕೂಡಲೇ ಹೆಪ್ಪು ಅಂತ ಹಾರೋದೂ ತಪ್ಪು. ಮೂವತ್ತು ನಲವತ್ತು ವರ್ಷ ಸೌದೆ ಒಲೆ ಮುಂದೆ ಕೂತು ಊದಿದ ಅಜ್ಜಿಯಂದಿರ ಶ್ವಾಸಕೋಶ ಹೊಗೆಯಿಂದ ಹಾಳಾಗಿ, ಬಲಗಡೆ ಹೃದಯ ವರ್ಷಗಳಿಂದಲೇ ಊದಿರುತ್ತೆ. ಅದರ ಗೋಡೆ ದಪ್ಪಗಾಗಿರುತ್ತೆ, ಅದೊಂದು ಸುಳಿವು. ಹೊಸ ಹೆಪ್ಪಿನಲ್ಲಿ ಗೋಡೆ ದಪ್ಪ ಆಗೋಕೆ ಸಮಯವೇ ಇರಲ್ಲ. ಆ ಅಜ್ಜಿಗೆ ಹೆಪ್ಪು ಕರಗಿಸೋ ಔಷಧಿ ಕೊಟ್ಟರೆ ಸುಮ್ಮಸುಮ್ಮನೆ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ತಂದಿಟ್ಟ ಹಾಗೆ.

ಹೃದಯ ನಿಂತೇಹೋದಾಗಲೂ ಈ ಸ್ಕ್ಯಾನ್ ಬಳಸ್ತೀವಿ. ನಾಡಿ ಸಿಗ್ತಿಲ್ಲ, ಆದರೆ ಒಳಗೆ ಹೃದಯ ಸಣ್ಣಗೆ ಮಿಡೀತಿದೆಯಾ? ಸುತ್ತ ನೀರು ತುಂಬಿದೆಯಾ? ಗೊತ್ತಾದ್ರೆ ದಾರಿ ಸಿಗಬಹುದು. ಆದರೆ ಇಲ್ಲೊಂದು ಬಲೆ ಇದೆ. ಎದೆ ಒತ್ತೋದನ್ನ ನಿಲ್ಲಿಸಿ ನೋಡೋಕೆ ಇರೋದು 10 ಸೆಕೆಂಡ್. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕ್ಯಾನ್ ಮಾಡಿದಾಗ ಆ ವಿರಾಮ ಸರಾಸರಿ 21 ಸೆಕೆಂಡ್ ಆಗಿತ್ತು, ಮಾಡದಿದ್ದಾಗ 13. ಪರದೆ ನೋಡ್ತಾ ನೋಡ್ತಾ ಕೈ ನಿಂತುಬಿಡುತ್ತೆ. ಫೋನ್ ನೋಡ್ತಾ ರಸ್ತೆ ದಾಟೋರ ತರಾನೇ. ಅದಕ್ಕೇ ನಮ್ಮಲ್ಲಿ ಒಬ್ಬರು ಗಟ್ಟಿಯಾಗಿ ಒಂದು, ಎರಡು, ಮೂರು ಅಂತ ಎಣಿಸ್ತಾರೆ. ಹತ್ತು ಅಂದ ತಕ್ಷಣ ಚಿತ್ರ ಬಂದಿರಲಿ ಬಿಡಲಿ, ಒತ್ತೋದು ಶುರು. ವಿಡಿಯೊ ಉಳಿಸಿಕೊಂಡು ಆಮೇಲೆ ನೋಡ್ತೀವಿ.

ಈಗ ನಿಮ್ಮಲ್ಲಿ ತುಂಬಾ ಜನ ಕೇಳಬೇಕು ಅಂತಿರೋ ಪ್ರಶ್ನೆಗೆ ಬರ್ತೀನಿ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದ್ಮೇಲೆ, ಮತ್ತೆ 2025ರಲ್ಲಿ ಹಾಸನದ ಸುದ್ದಿಗಳು ಬಂದಾಗ, ಹೃದಯದ ಆಸ್ಪತ್ರೆಗಳ ಮುಂದೆ ವಯಸ್ಸಿನ ಹುಡುಗರ ಸಾಲು ನಿಂತಿತ್ತು. ನನ್ನ ಹತ್ರಾನೂ ಬರ್ತಿದ್ರು. "ಮೇಡಂ, ಎದೆ ಚುಚ್ಚುತ್ತೆ. ಆ ಫೋನ್ ಸ್ಕ್ಯಾನ್ ಒಂದ್ಸಲ ಹಾಕ್ಬಿಡಿ, ಬ್ಲಾಕ್ ಇದ್ಯಾ ಗೊತ್ತಾಗಲಿ."

ಗೊತ್ತಾಗಲ್ಲ. ಇದನ್ನ ದಯವಿಟ್ಟು ಸರಿಯಾಗಿ ಕೇಳಿಸ್ಕೊಳ್ಳಿ. ಹೃದಯಾಘಾತ ಆಗೋದು ಹೃದಯದ ಮೇಲ್ಮೈ ಮೇಲೆ ಹರಿಯೋ, ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳಗಳು ಕಟ್ಟಿಕೊಂಡಾಗ. ಆ ನಾಳದೊಳಗಿನ ಅಡ್ಡಿ ಈ ಸ್ಕ್ಯಾನಿನಲ್ಲಿ ಕಾಣಲ್ಲ. ದೊಡ್ಡ ನಾಳ ಕಟ್ಟಿ ಸ್ನಾಯುವಿನ ಒಂದು ಭಾಗ ಅಲುಗಾಡೋದೇ ನಿಂತಿದ್ರೆ ಗೋಡೆಯ ಆ ತುಂಡು ಸುಮ್ಮನಿರೋದು ಕಾಣಬಹುದು. ಚಿಕ್ಕದಾದ್ರೆ ತಪ್ಪಿಹೋಗುತ್ತೆ. ನಾಳೆ ಕಟ್ಟಿಕೊಳ್ಳೋ ನಾಳ ಇವತ್ತು ಏನೂ ಹೇಳಲ್ಲ. ಎದೆನೋವು ಅಂತ ಬಂದವರಿಗೆ ಮೊದಲು ಬೇಕಾಗೋದು ಇಸಿಜಿ, ಅದೂ ಬಾಗಿಲು ದಾಟಿದ 10 ನಿಮಿಷದೊಳಗೆ. ಆಮೇಲೆ ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆ, ಬೇಕಾದ್ರೆ ಎರಡು ಸಲ. ಯಾರಾದ್ರೂ ಇಸಿಜಿ ಮಾಡದೆ, ಎದೆ ಮೇಲೆ ಪ್ರೋಬ್ ಆಡಿಸಿ "ಹೃದಯ ಚೆನ್ನಾಗಿದೆ, ಗ್ಯಾಸು" ಅಂದ್ರೆ ನಂಬಬೇಡಿ, ಇಸಿಜಿ ಕೇಳಿ. ಎದೆ ಮಧ್ಯೆ ಭಾರ ಹೇರಿದ ಹಾಗೆ ನೋವು, ಬೆವರು, ದವಡೆಗೋ ಎಡಗೈಗೋ ಹರಡೋದು, ಇದ್ದರೆ 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಎಲ್ಲಿದೆ ಅಂತ ಹುಡುಕ್ತಾ ಹೋಗ್ಬೇಡಿ.

ಪೂರ್ತಿ ಎಕೋಗೂ ಇದಕ್ಕೂ ಇರೋ ವ್ಯತ್ಯಾಸನೂ ಇದೇ. ಪೂರ್ತಿ ಎಕೋಗೆ ಅರ್ಧ ಮುಕ್ಕಾಲು ಗಂಟೆ ಬೇಕು. ಪ್ರತಿ ಕವಾಟ ಎಷ್ಟು ಸೋರುತ್ತೆ, ಎಷ್ಟು ಬಿಗಿದಿದೆ, ರಕ್ತ ಯಾವ ವೇಗದಲ್ಲಿ ಹೋಗ್ತಿದೆ ಎಲ್ಲ ಅಳೀತಾರೆ. ನಮ್ಮದು ಕರೆಂಟ್ ಹೋದಾಗ ಟಾರ್ಚ್ ಬಿಟ್ಟು ನೋಡಿದ ಹಾಗೆ. ಮನೆಗೆ ಹಾವು ಬಂದಿದೆಯಾ ಅಂತ ಗೊತ್ತಾಗುತ್ತೆ, ಗೋಡೆಯ ಬಣ್ಣ ಗೊತ್ತಾಗಲ್ಲ.

ಹಾಗಾದ್ರೆ ಇಷ್ಟು ಉಪಯೋಗ ಇರೋದು ಪ್ರತಿ ಆಂಬುಲೆನ್ಸಿನಲ್ಲಿ, ಪ್ರತಿ ಡಾಕ್ಟರ್ ಜೇಬಲ್ಲಿ ಯಾಕಿಲ್ಲ? ದುಡ್ಡು ಒಂದು ಕಾರಣ, ತರಬೇತಿ ಇನ್ನೊಂದು. ನಮ್ಮ ದೇಶದಲ್ಲಿ ಮೂರನೇದೊಂದಿದೆ. ಹೃದಯ ತೋರಿಸೋ ಪ್ರೋಬನ್ನ ಒಂದು ಗೇಣು ಕೆಳಗಿಟ್ಟರೆ ಭ್ರೂಣ ತೋರಿಸುತ್ತೆ. ಭ್ರೂಣಲಿಂಗ ಪತ್ತೆ ತಡೆಯೋಕೆ 1994ರಲ್ಲಿ ಕಾನೂನು ಬಂತು. ಅಲ್ಟ್ರಾಸೌಂಡ್ ಯಂತ್ರ ಇರೋ ಪ್ರತಿ ಜಾಗವೂ ನೋಂದಣಿ ಆಗಿರಬೇಕು. 2012ರ ನಿಯಮದ ಪ್ರಕಾರ ಎತ್ತಿಕೊಂಡು ಓಡಾಡೋ ಯಂತ್ರವನ್ನ ನೋಂದಣಿಯಾದ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಬಳಸಬಹುದು, ಇಲ್ಲವೇ ಬೇರೆ ಚಿಕಿತ್ಸೆಗಳನ್ನೂ ಕೊಡೋ ಸಂಚಾರಿ ಆಸ್ಪತ್ರೆಯ ಭಾಗವಾಗಿ ಬಳಸಬಹುದು. ಅಷ್ಟೇ. ಬ್ಯಾಗಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗೋ ಹಾಗಿಲ್ಲ.

ಸಿಟ್ಟು ಬರುತ್ತಾ? ನನಗೂ ಎಷ್ಟೋ ಸಲ ಬಂದಿದೆ. ಆದರೆ 2023ರ ನವೆಂಬರ್ ನೆನಪು ಮಾಡ್ಕೊಳ್ಳಿ. ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸೋ ಜಾಗದಲ್ಲಿ, ಗರ್ಭಿಣಿಯರನ್ನ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ತೆಗೆಸ್ತಿದ್ದ ಜಾಲ ಬಯಲಿಗೆ ಬಂತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ಈ ಕಾನೂನು ಯಾರೋ ಸುಮ್ಮನೆ ಕೂತು ಬರೆದಿದ್ದಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಅದನ್ನ ಸಡಿಲಿಸಬಾರದು. ಹೃದಯ, ಶ್ವಾಸಕೋಶ ಮಾತ್ರ ನೋಡೋ, ಪ್ರತಿ ಸ್ಕ್ಯಾನೂ ದಾಖಲಾಗೋ ಯಂತ್ರವನ್ನ 108 ಆಂಬುಲೆನ್ಸಿನಂಥ ಕಡೆ ಕೊಡೋಕೆ ಬೇರೆ ದಾರಿ ಮಾಡಬಹುದು ಅನ್ಸುತ್ತೆ. ಅಲ್ಲಿವರೆಗೆ ನಮ್ಮ ಯಂತ್ರದ ಮೇಲೆ ನೋಂದಣಿ ಸಂಖ್ಯೆ ಅಂಟಿಸಿದೆ, ಅದು ಆಸ್ಪತ್ರೆ ಗೇಟು ದಾಟಲ್ಲ. ಆ ಬಾಣಂತಿಯನ್ನ ಆಂಬುಲೆನ್ಸಿಗೆ ಹತ್ತಿಸಿದಾಗಲೂ ಅದು ಇಲ್ಲೇ ಉಳೀತು, ಮೂರು ಗಂಟೆ ದಾರಿಯಲ್ಲಿ ಜೊತೆಗೆ ಹೋದ ಡಾಕ್ಟರ್ ಬಿಪಿ ಪಟ್ಟಿ ನಂಬ್ಕೊಂಡೇ ಹೋದ್ರು.

ಅವರು ಆರು ತಿಂಗಳಾದ್ಮೇಲೆ ಒಂದಿನ ಬಂದ್ರು. ಸ್ಕಾರ್ಫ್ ಇರಲಿಲ್ಲ, ಮಗು ಸೊಂಟದ ಮೇಲಿತ್ತು. ದೊಡ್ಡ ಆಸ್ಪತ್ರೆಯ ಎಕೋ ರಿಪೋರ್ಟ್ ಕೈಯಲ್ಲಿತ್ತು: ಇಎಫ್ 52. "ನಿಮ್ಮ ಮೆಷಿನ್‌ನಲ್ಲಿ ಒಂದ್ಸಲ ನೋಡಿ ಮೇಡಂ, ಇದು ನಿಜಾನಾ ಅಂತ" ಅಂದ್ರು. ಪೂರ್ತಿ ಎಕೋ ಆಗಿದೆಯಲ್ಲ, ಅದೇ ಸರಿಯಾದ ಅಳತೆ, ನನ್ನದು ಬೇಡ ಅಂದೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲು ಹೃದ್ರೋಗ ತಜ್ಞರ ಜೊತೆ ಕೂತು ಮಾತಾಡಿ, ಎರಡನೇ ಸಲ ಮರುಕಳಿಸೋ ಅಪಾಯ ಇದೆ, ಮಾತ್ರೆ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ ಅಂತಲೂ ಹೇಳಿದೆ. ಅವರಮ್ಮ ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ್ರು: "ಇವಳ ತಂಗಿಗೂ ಮುಂದಿನ ತಿಂಗಳು ಹೆರಿಗೆ. ಏದುಸಿರು ಬಂದ್ರೆ ಸೀದಾ ಇಲ್ಲಿಗೇ ಕರ್ಕೊಂಡು ಬರಲಾ?" ಬನ್ನಿ ಅಂದೆ.

ಇಸಿಜಿ ಕಾಗದದ ಮೇಲಿನ ಆ ಗೆರೆಗಳನ್ನ ಓದೋದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಮುಂದಿನ ಸಂಚಿಕೆ ಅದರ ಬಗ್ಗೆ.